ಬೆನ್ನ ಮೇಲಿನ ಕೈ

ಎರಡು ವರ್ಷದ ಹಿಂದೆ, ಅಂದರೆ ಐವತ್ತೈದರಲ್ಲಿ, ದಾದರ್‌ನಿಂದ ಮ್ಯೂಸಿಯಮ್ಮಿಗೆ ಹೋಗುವ ಟ್ರಾಮಿನಲ್ಲಿ ನೀವು ಓಡಾಡಿದ್ದರೆ ನಮ್ಮ ಗದಿಗೆಪ್ಪ ಮಾಮನನ್ನು ಖಂಡಿತ ನೋಡಿರುತ್ತೀರಿ. ಆರಡಿ ಎತ್ತರದ ಕಂಡಕ್ಟರು. ಎಡಗಿವಿ ಮಂದ, ಅದಕ್ಕೇ ಯಾರು ಮಾತಾಡಿಸಿದರೂ ಬಲಗಡೆಗೆ ವಾಲಿ ಕೇಳುತ್ತಿದ್ದರು. ಟ್ರಾಮು ತುಂಬಿದಾಗ ಬೇರೆ ಕಂಡಕ್ಟರುಗಳು ಏನು ಮಾಡುತ್ತಾರೆ ಗೊತ್ತಲ್ಲ, ಮುಂದಿನವರ ಬೆನ್ನಿಗೆ ಅಂಗೈ ಕೊಟ್ಟು ‘ಪುಢೇ ಚಲಾ, ಪುಢೇ ಚಲಾ’ ಎಂದು ಒತ್ತುತ್ತಾರೆ. ಮಾಮ ಒತ್ತುತ್ತಿರಲಿಲ್ಲ. ಕೂಗುತ್ತಿದ್ದರು. ಆ ಕೂಗಿಗೆ ಬೀದಿಯಲ್ಲಿ ಹೋಗುವವರೂ ನಾಲ್ಕು ಹೆಜ್ಜೆ ಮುಂದೆ ಸರಿಯುತ್ತಿದ್ದರು. ಆದರೆ ಕೈ ಮಾತ್ರ ಯಾರ ಬೆನ್ನನ್ನೂ ಮುಟ್ಟುತ್ತಿರಲಿಲ್ಲ.

ಟ್ರಾಮಿನಲ್ಲಷ್ಟೇ ಅಲ್ಲ. ನಾನು ಮೆಟ್ರಿಕ್ ಪಾಸಾದಾಗ ನಮ್ಮ ಚಾಳಿನ ಎರಡನೇ ಮಾಳಿಗೆಯವರೆಲ್ಲ ಬಂದು ಬೆನ್ನು ತಟ್ಟಿ ಹೋದರು. ಮಾಮ ಎರಡು ಮಾರು ದೂರ ನಿಂತು ನನಗೊಂದು ಸೆಲ್ಯೂಟ್ ಹೊಡೆದರು. ಮೊದಲು ಬೇಜಾರಾಯಿತು. ಆಮೇಲೆ ಯೋಚನೆ ಮಾಡಿದೆ, ತೋಪುಖಾನೆಯಲ್ಲಿ ಹವಾಲ್ದಾರರಾಗಿದ್ದವರ ಸೆಲ್ಯೂಟು ಈ ಚಾಳಿನಲ್ಲಿ ಇನ್ಯಾರಿಗೆ ಸಿಕ್ಕಿದೆ?

ನಾನು ಅವರ ಅಭಿಮಾನಿ. ಇದನ್ನು ಮುಚ್ಚಿಡುವುದೇನಿಲ್ಲ. ನಮ್ಮದು ಮೈಸೂರು ಕಡೆ, ಅಪ್ಪ ರೈಲ್ವೆಯಲ್ಲಿ ಗುಮಾಸ್ತರು. ಮಾಮ ಬೈಲಹೊಂಗಲದ ಕಡೆಯವರು. ಪಕ್ಕದ ಖೋಲಿ, ಒಂದೇ ಗ್ಯಾಲರಿ. ನನ್ನ ಅಮ್ಮ ಪುಟ್ಟಲಕ್ಷ್ಮಿಗೂ ಮಾಮನ ಹೆಂಡತಿ ಚಂದ್ರವ್ವತ್ತೆಗೂ ದಿನಾ ನಲ್ಲಿಯ ಹತ್ತಿರ ಭಾಷೆಯ ಮೇಲೇ ಜಗಳ.

“ನಿಮ್ಮ ಕನ್ನಡ ಕೇಳಿದ್ರೆ ಯಾರೋ ಹೊಡೆದಾಡ್ತಿದಾರೆ ಅನ್ಸತ್ತೆ ಕಣ್ರೀ,” ಅನ್ನುವಳು ಅಮ್ಮ.

“ನಿಮ್ದು ಕೇಳಿದ್ರ ನನಗ ನಿದ್ದಿ ಬರ್ತೈತ್ರೀ. ಕೊಡ ತುಂಬೂದ್ರಾಗ ತೂಕಡಿಸಿ ಬಿದ್ದೇನಂತ,” ಅನ್ನುವರು ಚಂದ್ರವ್ವತ್ತೆ.

ಮಾಮನಿಗೆ ವಾರದ ರಜೆ ಬುಧವಾರ. ಅವತ್ತು ಸಂಜೆ ನಾನು ಟೈಪಿಂಗ್ ಕ್ಲಾಸು ಮುಗಿಸಿ ಬರುವುದನ್ನೇ ಕಾಯುತ್ತಿದ್ದವರ ಹಾಗೆ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ನಾನು “ಮಾಮಾ, ತೋಪು!” ಎಂದರೆ ಸಾಕು. ಸುತ್ತಿದ ಹಾಸಿಗೆ ಸ್ಟೂಲಿನ ಮೇಲೆ ಏರುತ್ತಿತ್ತು, ಅದು ತೋಪು. ಅಮ್ಮನ ಲಟ್ಟಣಿಗೆ ಗುಂಡು. ಬಟ್ಟೆ ಒಣಗಿಸುವ ಹಗ್ಗದ ತುಂಡು ನನ್ನ ಕೈಯಲ್ಲಿ. ನಾನು ನಂಬರ್ ಟೂ, ಹಗ್ಗ ಎಳೆದು ಗುಂಡು ಹಾರಿಸುವವಳು. ಮಾಮ ನಂಬರ್ ಒನ್, ಇಡೀ ತೋಪಿನ ಯಜಮಾನ. “ಹೆಣ್ಣುಡುಗಿಗೆ ತೋಪಿನ ಪಾಠ! ನಾಳೆ ಗಂಡನ ಮನೇಲಿ ಯಾರ ಮೇಲೆ ಹಾರಿಸ್ತಾಳೋ,” ಎಂದು ಅಮ್ಮ ಒಳಗಿನಿಂದ ಗೊಣಗುವಳು.

ಯುದ್ಧದ ಐದು ವರ್ಷ ಮಾಮ ಇದೇ ಮುಂಬಯಿಯಲ್ಲಿ ಇದ್ದರು, ಕೊಲಾಬಾ ಕಡೆ ಸಮುದ್ರಕ್ಕೆ ಮುಖ ಮಾಡಿಕೊಂಡಿದ್ದ ಒಂದು ತೋಪಿನ ಹಿಂದೆ. ಶತ್ರುವಿನ ಹಡಗು ಬಂದರೆ ಹೊಡೆಯಬೇಕು. ಹಡಗು ಬರಲೇ ಇಲ್ಲ. ದಿನಾ ತೋಪು ಒರೆಸುವುದು, ಎಣ್ಣೆ ಹಾಕುವುದು, ಸಮುದ್ರ ನೋಡುವುದು. ಆ ಐದು ವರ್ಷದ ಕಥೆಯಲ್ಲಿ ಮಾಮನಿಗಿಂತ ಹೆಚ್ಚು ಬರುತ್ತಿದ್ದದ್ದು ಅವರ ನಂಬರ್ ಟೂ, ಸಿಂದಗಿ ಕಡೆಯ ಪರಪ್ಪ. ಗಿಡ್ಡ ಆಳು, ಅಗಲ ಬೆನ್ನು. ಬೆಳಗ್ಗೆ ಎದ್ದ ಕೂಡಲೇ ಸಮುದ್ರಕ್ಕೆ ಸಲಾಮು ಹೊಡೆದು ಕೇಳುತ್ತಿದ್ದನಂತೆ, “ಏನಪಾ ಜಪಾನಿ, ಬಂದೇನು?” ಆಮೇಲೆ ತಾನೇ ಸಣ್ಣ ದನಿ ಮಾಡಿ, “ಇಲ್ರೀ ಸಾಹೇಬ್ರ, ಇವತ್ತ ಹೊಟ್ಟಿ ಸರಿ ಇಲ್ಲ, ನಾಳಿ ಬರ್ತೇನ್ರಿ.” ತೋಪಿನ ಗ್ರೀಸನ್ನು ಕದ್ದು ಒಡೆದ ಹಿಮ್ಮಡಿಗೆ ಹಚ್ಚಿಕೊಂಡು, ತಪಾಸಣೆಯ ದಿನ ಗೋರಾ ಸಾಹೇಬನ ಮುಂದೆ ಅಟೆನ್ಷನ್ ನಿಲ್ಲಲು ಹೋಗಿ ಜಾರಿ ಸಾಹೇಬನ ಕಾಲ ಮೇಲೇ ಬಿದ್ದನಂತೆ. “ಸಾಹೇಬ ತಿಳಕೊಂಡ, ಪರ್ಯಾ ನಮಸ್ಕಾರ ಮಾಡಾಕ ಹತ್ಯಾನ ಅಂತ. ಆಶೀರ್ವಾದ ಮಾಡಿ ಹೋದ ನೋಡವಾ ರಮಕ್ಕಾ,” ಎಂದು ಮಾಮ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನನ್ನ ಹೆಸರು ರಮಾಮಣಿ, ಅವರ ಬಾಯಲ್ಲಿ ರಮಕ್ಕ.

ತೋಪಿನ ಹತ್ತಿರ ಬಾಯಿ ಮಾತು ನಡೆಯುವುದಿಲ್ಲವಂತೆ. ಎಲ್ಲರ ಕಿವಿಯಲ್ಲೂ ಹತ್ತಿ. ಅದಕ್ಕೇ ಅವರ ತೋಪಿನಲ್ಲಿ ಒಂದು ಪದ್ಧತಿ ಇತ್ತು. ನಂಬರ್ ಟೂ ಹಗ್ಗ ಹಿಡಿದು ಬೆನ್ನು ಕೊಟ್ಟು ನಿಲ್ಲಬೇಕು. ನಂಬರ್ ಒನ್ ಹಿಂದಿನಿಂದ ಅವನ ಬೆನ್ನಿಗೆ ಅಂಗೈಯಿಂದ ಒಂದು ಏಟು ಹಾಕಿದರೆ ‘ಹಾರಿಸು’ ಎಂದು ಅರ್ಥ. ತಿರುಗಿ ನೋಡುವ ಹಾಗಿಲ್ಲ, ಕೇಳುವ ಹಾಗಿಲ್ಲ, ಕೈ ಬಿತ್ತು ಎಂದರೆ ಎಳೆಯಬೇಕು. “ಪರ್ಯಾ ಹೇಳ್ತಿದ್ದ, ನನ್ನ ಕಿವಿ ನನ್ನ ಬೆನ್ನಾಗ ಐತಿ ಅಂತ,” ಎನ್ನುತ್ತಿದ್ದರು. ಆದರೆ ನಮ್ಮ ಹಾಸಿಗೆ ತೋಪಿನಲ್ಲಿ ಮಾಮ ಆ ಪದ್ಧತಿ ಪಾಲಿಸಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದರು. ಯಾಕೆ ಎಂದರೆ, “ಹಾಸಿಗಿ ತೋಪಿಗೆ ಚಪ್ಪಾಳಿ ಸಾಕು.”

ಇನ್ನೂ ಒಂದು ವಿಷಯ. ಎಲ್ಲ ಕಥೆಯೂ ನಲವತ್ತೆರಡರ ಡಿಸೆಂಬರಿಗೆ ಬಂದು ನಿಂತುಬಿಡುತ್ತಿತ್ತು. ಆಮೇಲೆ ಯುದ್ಧ ಇನ್ನೂ ಮೂರು ವರ್ಷ ನಡೆಯಿತಲ್ಲ, ಆಗ ಪರಪ್ಪ ಏನು ಮಾಡಿದ? ಈಗ ಎಲ್ಲಿದ್ದಾನೆ? ಕೇಳಿದರೆ ಮಾಮ ಹಗ್ಗ ಸುತ್ತಿಡುತ್ತಿದ್ದರು. “ಫೌಜಿನಾಗ ಅದಾನ. ನಾ ಬಿಟ್ಟು ಬಂದೆ, ಅವ ಬಿಡಲಿಲ್ಲ.” ಅಷ್ಟೇ. ಚಂದ್ರವ್ವತ್ತೆ ಕಣ್ಣಲ್ಲೇ ನನ್ನನ್ನು ಸುಮ್ಮನಿರಿಸುತ್ತಿದ್ದರು.

ಆಗಸ್ಟಿನ ಒಂದು ಬುಧವಾರ ಅಂಚೆಯವನು ಗೇಟಿನಲ್ಲೇ ನನ್ನ ಕೈಗೆ ಒಂದು ಪೋಸ್ಟ್‌ಕಾರ್ಡು ಕೊಟ್ಟ. ಕನ್ನಡ ಅಕ್ಷರ. ಕೆಳಗೆ ಪರಪ್ಪ ಎಂಬ ಹೆಸರು. ಓದಲೂ ಇಲ್ಲ ನಾನು, ಮೆಟ್ಟಿಲು ಹತ್ತಿ ಇಡೀ ಗ್ಯಾಲರಿ ಕೂಗಿಕೊಂಡು ಓಡಿದೆ, “ಮಾಮಾ! ಪರಪ್ಪನ ಕಾಗದ! ನಿಮ್ಮ ನಂಬರ್ ಟೂ!” ಮಾಮ ಗಡ್ಡ ಮಾಡಿಕೊಳ್ಳುತ್ತಿದ್ದರು. ಕನ್ನಡಿಯಲ್ಲೇ ನನ್ನನ್ನು ನೋಡಿದರು. ಅರ್ಧ ಮುಖಕ್ಕೆ ಸಾಬೂನು ಹಾಗೇ ಇತ್ತು.

“ನೀನ ಓದವಾ,” ಎಂದರು.

ಓದಿದೆ. ‘ಗದಿಗೆಪ್ಪನಿಗೆ ಪರಪ್ಪನ ಶರಣು. ನಾ ಇದೇ ಊರಾಗ ಕೊಲಾಬಾದ ಮಿಲಿಟರಿ ದವಾಖಾನ್ಯಾಗ ಅದೇನಿ. ಎದಿ ಬ್ಯಾನಿ. ಕಿವಿ ಎರಡೂ ಪೂರಾ ಹೋಗ್ಯಾವ. ಬಾಜೂ ಖಾಟಿನವ ಧಾರವಾಡದವ, ನಾ ಹೇಳಿದ್ದ ಬರಿಯಾಕ ಹತ್ಯಾನ. ನಿನ್ನಿಂದ ನನಗ ಮತ್ತೇನೂ ಬೇಕಾಗಿಲ್ಲ. ಅವತ್ತ ನನ್ನ ಬೆನ್ನ ಮ್ಯಾಲ ಕೈ ಬಿದ್ದಿತ್ತೋ ಇಲ್ಲೋ, ಅಷ್ಟ ತಿಳಸು. ಡಾಕ್ಟರು ಭಾಳ ದಿನ ಹೇಳಿಲ್ಲ.’

ಓದುತ್ತಾ ಓದುತ್ತಾ ನನ್ನ ದನಿ ಸಣ್ಣದಾಯಿತು. ಮಾಮ ಮುಖ ತೊಳೆಯದೆ ಒಳಗೆ ಹೋದರು. ಚಂದ್ರವ್ವತ್ತೆ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು, “ಇನ್ನರ ಹೇಳ್ರಿ. ಆ ಹುಡಿಗೀಗಿ ಹೇಳ್ರಿ. ನನ್ನ ಒಬ್ಬಾಕಿ ಎದ್ಯಾಗ ಎಷ್ಟ ದಿನಾ ಇಡತೀರಿ?” ಎಂದರು.

ಸಂಜೆ ಮಾಮ ಹೇಳಿದರು. ಕುರ್ಚಿಯಲ್ಲಿ ಕೂರದೆ ಗ್ಯಾಲರಿಯ ಕಟಾಂಜನ ಹಿಡಿದು ನಿಂತು, ಬೀದಿ ನೋಡುತ್ತಾ ಹೇಳಿದರು.

ನಲವತ್ತೆರಡರ ಡಿಸೆಂಬರು. ಜಪಾನಿನವರು ಇವತ್ತು ಬಂದಾರು ನಾಳೆ ಬಂದಾರು ಎಂದು ಊರೇ ಹೆದರಿದ್ದ ವರ್ಷ. ಹಿಂದಿನ ದಿನ ಪರಪ್ಪನಿಗೆ ಊರಿನಿಂದ ತಂತಿ ಬಂದಿತ್ತು, ಎಂಟು ತಿಂಗಳ ಮಗಳು ಜ್ವರದಲ್ಲಿ ಹೋದಳೆಂದು. ರಜೆ ಸಿಗಲಿಲ್ಲ. ಬೆಳಗಿನ ಜಾವ ಸಮುದ್ರದ ಮೇಲೆ ಮಂಜು. ಬೆಳಕು ಬಿಡುವ ಹೊತ್ತಿಗೆ, ಯಾರೂ ಬರಬಾರದೆಂದು ನಿಷೇಧ ಮಾಡಿದ್ದ ನೀರಿನಲ್ಲಿ ದೀಪವಿಲ್ಲದ ಒಂದು ದೋಣಿ ಕಂಡಿತು. ಮೇಲಿನಿಂದ ಸಾಹೇಬನ ಹುಕುಂ ಬಂತು, ದೋಣಿಯ ಮುಂದೆ ನೀರಿಗೆ ಒಂದು ಗುಂಡು ಹಾಕಿ ನಿಲ್ಲಿಸಿ. ಹೆದರಿಸುವ ಗುಂಡು, ಸಿಡಿಯುವುದಲ್ಲ. ತೋಪಿನ ಮೂತಿ ತಿರುಗುತ್ತಿತ್ತು, ದೋಣಿಯನ್ನು ದಾಟಿ ಇನ್ನೂ ಮುಂದಕ್ಕೆ ಹೋಗಬೇಕಿತ್ತು.

“ಪರ್ಯಾ ಹಗ್ಗಾ ಹಿಡಕೊಂಡು ನನ್ನ ಮುಂದ ನಿಂತಿದ್ದ. ಬೆನ್ನು ಅದರಾಕ ಹತ್ತಿತ್ತು ನೋಡವಾ. ಥಂಡಿಗೆ ಅಲ್ಲ. ಅಳಾಕ ಹತ್ತಿದ್ದ. ಎಲ್ಲಾರ ಮುಂದ ಅಳಬಾರದಂತ ಬಾಯಿ ಕಚ್ಚಿ ಹಿಡದಿದ್ದ, ಬೆನ್ನು ಎಲ್ಲಿ ಕೇಳ್ತೈತಿ? ನನಗ ತಡಕೊಳ್ಳಾಕ ಆಗಲಿಲ್ಲ. ಸುಮ್ಮನ ಕೈ ಇಟ್ಟೆ. ಹೊಡೀಲಿಲ್ಲ, ಇಟ್ಟೆ. ಸಮಾಧಾನ ಮಾಡಾಕ.”

ಕೈ ಬಿತ್ತು. ಪರಪ್ಪ ಹಗ್ಗ ಎಳೆದ. ತೋಪಿನ ಮೂತಿ ಆಗ ನೇರ ದೋಣಿಯ ಮೇಲೇ ಇತ್ತು.

ಅದು ಶತ್ರುವಿನ ದೋಣಿಯಲ್ಲ, ಮಂಜಿನಲ್ಲಿ ದಾರಿ ತಪ್ಪಿದ ಕೋಳಿಗಳ, ಅಂದರೆ ಇಲ್ಲಿನ ಬೆಸ್ತರ, ಮೀನು ದೋಣಿ. ಮೂವರು ಇದ್ದರು. ಇಬ್ಬರು ಈಜಿ ಬಂದರು. ಒಬ್ಬ ಸಿಗಲಿಲ್ಲ. ಪ್ರತಿ ವರ್ಷ ನಾರಳಿ ಪುನವಿಗೆ, ಬೆಸ್ತರು ಸಮುದ್ರಪೂಜೆ ಮಾಡುವ ಹುಣ್ಣಿಮೆಗೆ, ಮಾಮ ದಾದರ್ ಚೌಪಾಟಿಗೆ ಹೋಗಿ ಕೋಳಿಗಳ ಗುಂಪಿನಿಂದ ದೂರ ನಿಂತು ಒಂದು ತೆಂಗಿನಕಾಯಿ ನೀರಿಗೆ ಬಿಡುತ್ತಿದ್ದರು. ನಾನು ಅದನ್ನು ತಮಾಷೆ ಮಾಡುತ್ತಿದ್ದೆ, ‘ನೀವು ಯಾವಾಗ ಕೋಳಿ ಆದ್ರಿ ಮಾಮ’ ಎಂದು. ಆ ಸಂಜೆ ಅದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ವಿಚಾರಣೆ ಮೂರು ದಿನ ನಡೆಯಿತು. ಬೆನ್ನಿಗೆ ಕೈ ಬಿತ್ತು, ಅದಕ್ಕೇ ಎಳೆದೆ ಎಂದು ಪರಪ್ಪ ಹೇಳಿದ. ಸಾಹೇಬ ಮಾಮನನ್ನು ಕೇಳಿದ, “ನೀನು ಹಾರಿಸುವ ಏಟು ಹಾಕಿದೆಯಾ?” ಮಾಮ ಹೇಳಿದರು, “ಇಲ್ಲ ಸಾಬ್.”

“ಸುಳ್ಳ ಹೇಳ್ಲಿಲ್ಲ ನಾ,” ಎಂದರು ಮಾಮ, ಬೀದಿಯಿಂದ ಕಣ್ಣು ತೆಗೆಯದೆ. “ಏಟು ಹಾಕಿದ್ದಿಲ್ಲ. ಅವರು ಕೇಳಿದ್ದು ಏಟು. ಕೈ ಇಟ್ಟಿದ್ದ ಅವರು ಕೇಳಲಿಲ್ಲ, ನಾ ಹೇಳಲಿಲ್ಲ.”

ಪರಪ್ಪ ಹುಕುಂ ಇಲ್ಲದೆ ಗುಂಡು ಹಾರಿಸಿದ ಎಂದು ತೀರ್ಮಾನವಾಯಿತು. ಇಪ್ಪತ್ತೆಂಟು ದಿನ ಫೌಜಿನ ಕೋಠಡಿಯಲ್ಲಿ ಕೂಡಿ ಹಾಕಿದರು. ತೋಳಿನ ಎರಡು ಪಟ್ಟಿ ಕಿತ್ತರು. ಮಾಮನ ಹೆಸರೂ ಪರಪ್ಪನ ಹೆಸರೂ ಹವಾಲ್ದಾರಿಕೆಗೆ ಒಟ್ಟಿಗೇ ಹೋಗಿದ್ದವು. ಒಂದು ತಿಂಗಳಾದ ಮೇಲೆ ಮಾಮ ಒಬ್ಬರೇ ಹವಾಲ್ದಾರರಾದರು. ಅವರ ಖೋಲಿಯ ಗೋಡೆಯ ಮೇಲೆ ಗಾಜಿನ ಕಟ್ಟಿನಲ್ಲಿ ಮೂರು ಪಟ್ಟಿಯ ಒಂದು ಬಟ್ಟೆ ತುಂಡು ಇದೆ. ಎಷ್ಟು ಸಲ ನಾನೇ ನನ್ನ ಸೆರಗಿನಿಂದ ಅದರ ಧೂಳು ಒರೆಸಿದ್ದೆ.

“ಪರಪ್ಪ ಏನಂದ್ರು ನಿಮಗೆ?”

“ಕೋಠಡಿಯಿಂದ ಹೊರಗ ಬಂದು ಒಂದ ಮಾತ ಕೇಳಿದ. ಗದಿಗ್ಯಾ, ನಿನ್ನ ಕೈ ಬಿದ್ದಿತ್ತಲ್ಲೋ? ನಾ ತಲಿ ಅಲ್ಲಾಡಿಸಿದೆ, ಇಲ್ಲ ಅಂತ. ಸಾಹೇಬಗ ಒಂದು, ಅವಗ ಒಂದು ಹೇಳಿದ್ರ ಹೆಂಗ? ಹೊರಗ ಬಿದ್ದೀತು ಅಂತ ಅಂಜಿಕಿ. ಅವ ನಂಬಿಬಿಟ್ಟ, ರಮಕ್ಕಾ. ಜಗಳ ಆಡಿದ್ರ ಬೇಸಿತ್ತು. ನಂಬಿಬಿಟ್ಟ. ಮಗಳು ಸತ್ತ ಚಿಂತ್ಯಾಗ ನನಗ ಭ್ರಮಿ ಆಗಿರಬೇಕು ಬಿಡು ಅಂದ.”

ಮರುದಿನದಿಂದ ನಾನು ಮಾಮನ ಬೆನ್ನು ಹತ್ತಿದೆ, ಉತ್ತರ ಬರೆಯಿರಿ, ಉತ್ತರ ಬರೆಯಿರಿ ಎಂದು. ನನಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಎಂಟು ದಿನ ಮಾಮ ಇವತ್ತು ಡ್ಯೂಟಿ, ನಾಳೆ ಡ್ಯೂಟಿ ಎಂದು ದೂಡಿದರು. ಒಂಬತ್ತನೇ ದಿನ ಒಂದು ಕಾರ್ಡು ತಂದು ನನ್ನ ಮುಂದಿಟ್ಟರು.

“ಬರಿ. ಪರಪ್ಪನಿಗೆ ಗದಿಗೆಪ್ಪನ ಶರಣು. ನಾನು ಅವತ್ತು ಏಟು ಹಾಕಿರಲಿಲ್ಲ.”

ನಾನು ಪೆನ್ನು ಕೆಳಗಿಟ್ಟೆ. “ಮಾಮ, ಅವ್ರು ಏಟು ಕೇಳಿಲ್ಲ. ಕೈ ಕೇಳಿದಾರೆ.”

ನಾನು ಹಾಗೆಲ್ಲ ಎದುರು ಮಾತಾಡಿದವಳಲ್ಲ. ಚಂದ್ರವ್ವತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಮಾಮ ಆ ಕಾರ್ಡನ್ನು ಎತ್ತಿಕೊಂಡು, ನಾನು ಬರೆದಿದ್ದ ‘ಪರಪ್ಪನಿಗೆ’ ಎಂಬ ಒಂದೇ ಶಬ್ದವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡರು.

“ಐತವಾರ ರಜಾ ಹಾಕ್ತೇನಿ, ಹೋಗೂಣು,” ಎಂದರು. “ನೀನೂ ಬಾ. ನೀ ಇದ್ರ ನಾ ಓಡಿ ಬರಂಗಿಲ್ಲ.”

ಭಾನುವಾರ ಮಧ್ಯಾಹ್ನ ನಾವು ಮೂವರು ಹೊರಟೆವು. ಚಂದ್ರವ್ವತ್ತೆಯ ಕೈಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ಟ್ರಾಮಿನಲ್ಲಿ ಕಂಡಕ್ಟರು ಸೀನ, ಉಡುಪಿ ಕಡೆಯವನು, ಮಾಮನ ಜೊತೆಯವನು.

“ಎಂತ ಮಾರಾಯ್ರೆ, ಇವತ್ತು ನೀವೇ ಪ್ಯಾಸೆಂಜರಾ? ಹಾಗಾದ್ರೆ ಪುಢೇ ಚಲಾ!” ಎಂದು ನಗುತ್ತಾ ಮಾಮನ ಬೆನ್ನಿಗೆ ಒಂದು ಕೊಟ್ಟ. ಮಾಮ ಕಂಬ ಹಿಡಿದುಕೊಂಡರು. ಮುಖದಲ್ಲಿ ರಕ್ತವೇ ಇರಲಿಲ್ಲ. ಸೀನ ಗಾಬರಿಯಾಗಿ, “ಏ, ಜೋರು ಬಿತ್ತಾ? ತಮಾಷೆಗೆ ಕಾಣಿ,” ಎಂದ. ಅಲ್ಲಿಂದ ಮ್ಯೂಸಿಯಮ್ಮಿನವರೆಗೂ ಮಾಮ ಆ ಕಂಬ ಬಿಡಲಿಲ್ಲ.

ಉದ್ದನೆಯ ವಾರ್ಡು. ಕೊನೆಯ ಕಿಟಕಿಯ ಪಕ್ಕದ ಮಂಚ. ನಾನು ಕಥೆಗಳಲ್ಲಿ ಕಂಡಿದ್ದ ಅಗಲ ಬೆನ್ನಿನ ಪರಪ್ಪ ಅಲ್ಲಿರಲಿಲ್ಲ. ದಿಂಬಿಗೆ ಒರಗಿದ್ದ ಒಬ್ಬ ಮುದುಕ, ನಲವತ್ತು ದಾಟಿದವರು ಅಷ್ಟು ಮುದುಕರಾಗುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಹದಿನೇಳು ವರ್ಷದ ನೌಕರಿ, ಸೇರಿದಾಗ ಇದ್ದ ಹಾಗೆಯೇ ತೋಳಿನ ಮೇಲೆ ಒಂದು ಪಟ್ಟಿಯೂ ಇಲ್ಲ. ಕೊನೆಯ ಎಂಟು ವರ್ಷ ದೇವಳಾಲಿಯ ಫೌಜಿನ ಛಾವಣಿಯಲ್ಲಿ ತೋಪು ಒರೆಸುವ ಕೆಲಸ. ಕೆಳಗೆ ನೆಲದ ಮೇಲೆ ಕೂತಿದ್ದ ಹೆಂಡತಿ ಶರಣವ್ವ ಸೆರಗು ಸರಿ ಮಾಡಿಕೊಂಡು ಎದ್ದು ನಿಂತರು.

“ನಾ ಗದಿಗೆಪ್ಪ,” ಎಂದರು ಮಾಮ.

“ಬರ್ರಿ ಅಣ್ಣಾ. ನಿಮ್ಮ ಕಾಗದದ ದಾರಿ ನೋಡಾಕ ಹತ್ತಿದ್ರು. ನೀವ ಬಂದ್ರಿ.” ಶರಣವ್ವ ಗಂಡನ ಗಲ್ಲ ಹಿಡಿದು ನಮ್ಮ ಕಡೆ ತಿರುಗಿಸಿದರು. ಪರಪ್ಪ ನೋಡಿದರು. ನೋಡಿದರು. ಆಮೇಲೆ ಕಿವುಡರು ಮಾತಾಡುವ ಹಾಗೆ ಜೋರಾಗಿ, “ಗದಿಗ್ಯಾ! ಹೊಟ್ಟಿ ಬಂದೈತಲ್ಲೋ ನಿನಗ!” ಎಂದರು. ಇಡೀ ವಾರ್ಡು ತಿರುಗಿ ನೋಡಿತು. ಮಾಮ ನಗಲು ಹೋದರು, ಆಗಲಿಲ್ಲ.

ಮಾಮ ಬಗ್ಗಿ ಅವರ ಕಿವಿಯ ಹತ್ತಿರ ಕೂಗಿದರು, ಪರ್ಯಾ, ನಾ ಏಟು ಹಾಕಿದ್ದಿಲ್ಲ, ಆದರ... ಪರಪ್ಪ ಕೈ ಅಲ್ಲಾಡಿಸಿದರು, ಕೇಳುವುದಿಲ್ಲ ಎಂದು. ಕಾಗದ ಬರೆದುಕೊಟ್ಟಿದ್ದ ಧಾರವಾಡದವನು ಊರಿಗೆ ಹೋಗಿದ್ದ. ನಾನು ಚೀಲದಿಂದ ಕಾಗದ ಪೆನ್ಸಿಲ್ಲು ತೆಗೆದೆ. ಶರಣವ್ವ ಬೇಡ ಎಂದರು. “ಓದಾಕ ಬರಂಗಿಲ್ಲವ್ವಾ. ನನಗ ಹೇಳ್ರಿ ಅಣ್ಣಾ, ನಾ ಕೈ ಸನ್ನಿ ಮಾಡಿ ತಿಳಸತೇನಿ. ಹೌದೋ, ಅಲ್ಲೋ?”

ಮಾಮ ಕಿಟಕಿಯ ಹತ್ತಿರ ಸರಿದು ಹೊರಗೆ ನೋಡಿದರು.

“ಹೇಳ್ರಿ. ಇವರ ಗತಿ ನೀವು ನೋಡಿಲ್ಲ,” ಎಂದರು ಶರಣವ್ವ. ದನಿ ಏರಿಸಲಿಲ್ಲ, ಮನೆಯ ಸಂಗತಿ ಹೇಳುವ ಹಾಗೆ ಹೇಳಿದರು. “ಆಮ್ಯಾಲ ನಮಗ ಮಗಾ ಹುಟ್ಟಿದ. ಹಿಂದಿಂದ ಬಂದು ಇವರ ಬೆನ್ನ ಏರಿದ್ರ, ‘ಶರಣವ್ವಾ, ಕೂಸು ಬೆನ್ನ ಮ್ಯಾಲ ಐತೇನು?’ ಅಂತ ನನ್ನ ಕೇಳತಾರ. ಐತ್ರೀ ಅಂದ ಮ್ಯಾಲ ನಗತಾರ. ತಮ್ಮ ಬೆನ್ನ ತಾವ ನಂಬೂದ ಬಿಟ್ಟಾರ.”

ಮಾಮ ಮಂಚದ ಹತ್ತಿರ ಹೋಗಿ, ಪರಪ್ಪನ ಮುಂದೆ ಬೆರಳು ಸುತ್ತಿಸಿ, ಆ ಕಡೆ ತಿರುಗು ಎಂದು ಸನ್ನೆ ಮಾಡಿದರು. ಶರಣವ್ವನೂ ಚಂದ್ರವ್ವತ್ತೆಯೂ ಹಿಡಿದು ಅವರನ್ನು ಕಿಟಕಿಯ ಕಡೆ ಮುಖ ಮಾಡಿ ಕೂರಿಸಿದರು. ಆಸ್ಪತ್ರೆಯ ಅಂಗಿಯ ಒಳಗೆ ಬೆನ್ನಿನ ಮೂಳೆ ಒಂದೊಂದೂ ಕಾಣುತ್ತಿತ್ತು. ಮಾಮ ಹಿಂದೆ ನಿಂತರು, ನಂಬರ್ ಒನ್ ನಿಲ್ಲುವ ಜಾಗದಲ್ಲಿ. ಬಲಗೈ ಎತ್ತಿದರು. ಅದು ಗಾಳಿಯಲ್ಲೇ ಎಷ್ಟು ಹೊತ್ತು ನಿಂತಿತು ಎಂದರೆ, ಇನ್ನು ಇಳಿಯುವುದಿಲ್ಲ ಎಂದುಕೊಂಡೆ. ಆಮೇಲೆ ಇಟ್ಟರು. ಹೊಡೆಯಲಿಲ್ಲ. ಇಟ್ಟರು.

ಪರಪ್ಪನ ಬೆನ್ನು ಸೆಟೆಯಿತು. ಕಂಬಳಿಯ ಮೇಲಿದ್ದ ಬಲಗೈ ತಾನಾಗಿ ಮೇಲೆದ್ದು, ಮುಷ್ಟಿ ಕಟ್ಟಿ, ಕೆಳಕ್ಕೆ ಎಳೆಯಿತು. ಹಗ್ಗವಿಲ್ಲ, ತೋಪಿಲ್ಲ. ಕಿಟಕಿಯ ಹೊರಗೆ ಒಣಗಲು ಹಾಕಿದ್ದ ಬಿಳಿ ಚಾದರಗಳಿದ್ದವು.

“ಇತ್ತು!” ಎಂದರು ಪರಪ್ಪ. “ಇತ್ತು. ಹಿಂಗ ಇತ್ತು. ಇದ ಜಾಗಾ.” ಉಸಿರು ಎಳೆದುಕೊಂಡರು. “ಹೊಡದಿದ್ದಿಲ್ಲ, ಇಟ್ಟಿದ್ದಿ. ಕೂಸು ಹೋದ ಸಲುವಾಗಿ ಇಟ್ಟಿದ್ದಿ. ಹೌದಲ್ಲೋ?”

ಮಾಮ ಹಿಂದೆ ನಿಂತು ಹೌದೆಂದು ತಲೆ ಆಡಿಸುತ್ತಿದ್ದರು, ಅದು ಪರಪ್ಪನಿಗೆ ಹೇಗೆ ಕಾಣಬೇಕು? ಶರಣವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಮಂಚದ ಕಾಲು ಹಿಡಿದು ಕುಸಿದರು. ಎಂಟು ತಿಂಗಳ ಆ ಮಗಳು ಅವರದೂ ಅಲ್ಲವೇ?

ಎಲ್ಲ ಸರಿಹೋಯಿತು ಎಂದು ನನಗೆ ಅನ್ನಿಸಿದ್ದು ಒಂದೇ ಒಂದು ನಿಮಿಷ. ಪರಪ್ಪ ತಿರುಗದೆಯೇ ಕೇಳಿದರು, ಈ ಸಲ ದನಿ ಜೋರಾಗಿರಲಿಲ್ಲ. “ಮತ್ತ ಯಾಕ ಇಲ್ಲಂದ್ಯೋ ಗದಿಗ್ಯಾ?”

ಮಾಮ ಏನೋ ಹೇಳಿದರು. ಬಲಗಡೆ ನಿಂತಿದ್ದ ನನಗೂ ಅದು ಕೇಳಲಿಲ್ಲ.

ಪರಪ್ಪ ಕಂಬಳಿ ಮೇಲೆಳೆದುಕೊಂಡರು. “ಸಾಕು,” ಎಂದರು. “ಕೈ ತಗಿ.”

ಮಾಮ ಕೈ ತೆಗೆದರು. ಆಮೇಲೆ ಪರಪ್ಪ ಹೆಂಡತಿಗೆ, ಇವರಿಗೆ ಚಹಾ ತರಿಸು, ಊರಿನ ಜನ ಎಂದರು. ರೊಟ್ಟಿಯ ಗಂಟು ಬಿಚ್ಚಿಸಿ ವಾಸನೆ ನೋಡಿದರು. ನನ್ನನ್ನು ಯಾರ ಮಗಳು ಎಂದು ಕೇಳಿದರು. ಮಾಮನ ಕಡೆ ಮಾತ್ರ ಮತ್ತೆ ನೋಡಲಿಲ್ಲ. ಗಂಟೆ ಹೊಡೆದಾಗ ನಾವು ಎದ್ದು ಬಂದೆವು.

ಹದಿನಾಲ್ಕು ದಿನ ಕಳೆದ ಮೇಲೆ ಶರಣವ್ವ ನಮ್ಮ ಚಾಳಿಗೆ ಬಂದರು. ಕುಂಕುಮ ಇರಲಿಲ್ಲ. ಜೊತೆಗೆ ಅವರ ಅಣ್ಣ, ಕೆಳಗೆ ಟಾಂಗಾದಲ್ಲಿ ಟ್ರಂಕು. ಸಂಜೆಯ ಗಾಡಿಗೆ ಊರಿಗೆ ಹೊರಟಿದ್ದರು.

“ಮಂಗಳಾರ ಹೋದ್ರು,” ಎಂದರು. “ಅಲ್ಲೀಮಟ ವಾರ್ಡಿನಾಗ ಎಲ್ಲಾರಿಗೂ ಹೇಳಿದ್ರು, ಕೈ ಇತ್ತು, ಕೈ ಇತ್ತು ಅಂತ. ನರ್ಸಬಾಯಿಗೆ, ಕಸಾ ಹೊಡಿಯಾಕಿಗೆ. ಪಾಪ, ಅವರಿಗೇನ ತಿಳೀಬೇಕು?”

ಮಾಮ ಒಳಗೆ ಹೋಗಿ ಗೋಡೆಯ ಮೇಲಿನ ಗಾಜಿನ ಕಟ್ಟು ಬಿಚ್ಚಿ, ಆ ಮೂರು ಪಟ್ಟಿಯ ಬಟ್ಟೆ ತಂದು ಎರಡೂ ಕೈಯಲ್ಲಿ ಮುಂದೆ ಹಿಡಿದರು. ಶರಣವ್ವ ಅದನ್ನು ಮುಟ್ಟಲಿಲ್ಲ.

“ಇದನ್ನ ಒಯ್ದು ನಾ ಏನ ಮಾಡ್ಲಿ ಅಣ್ಣಾ? ಬಿಸಿ ಗಡಗಿ ಇಳಸಾಕರ ಬರತೈತೇನು?” ಎಂದರು. “ನನ್ನ ಮುಂದ ಕೈ ಮುಗಿಬ್ಯಾಡ್ರಿ. ಯಾರ ಮುಂದ ಇಲ್ಲಂದಿದ್ರಿ, ಅವರಿಗೆ ಹೌದು ಅಂತ ಹೇಳ್ರಿ. ಅಷ್ಟ ಮಾಡ್ರಿ. ನನ್ನ ಮಗಾ ನಾಳಿ ಕೇಳತಾನ, ನಮ್ಮಪ್ಪನ ಪಟ್ಟಿ ಯಾಕ ಕಿತ್ರು ಅಂತ.”

ಚಂದ್ರವ್ವತ್ತೆ ಕೊಟ್ಟ ನೀರನ್ನು ಕುಡಿದು ಮೆಟ್ಟಿಲಿಳಿದು ಹೋದರು.

ಮರುದಿನ ಬೆಳಗ್ಗೆ ನಾನು ಟೈಪಿಂಗ್ ಕ್ಲಾಸಿನ ಮಾಸ್ತರರನ್ನು ಕಾಡಿ ಬೇಡಿ ಒಂದು ಗಂಟೆ ಮೆಷಿನ್ನು ಕೇಳಿಕೊಂಡೆ. ಫೌಜಿನ ದಫ್ತರಕ್ಕೆ ಬರೆಯಬೇಕಾದ್ದನ್ನು ಮಾಮ ಕನ್ನಡದಲ್ಲಿ ಹೇಳಿದರು, ನಾನು ನನಗೆ ಬರುವ ಇಂಗ್ಲಿಷಿನಲ್ಲಿ ಟೈಪು ಮಾಡಿದೆ. ಡಿಸೆಂಬರು, ಮಂಜು, ದೋಣಿ, ಪರಪ್ಪನ ನಂಬರು, ಮಾಮನ ನಂಬರು. ಹದಿಮೂರು ವರ್ಷವಾದರೂ ಪರಪ್ಪನ ಫೌಜಿನ ನಂಬರನ್ನು ಅವರು ಒಂದು ಅಂಕಿ ತಡವರಿಸದೆ ಹೇಳಿದರು. ‘ಏಟು ಹಾಕಲಿಲ್ಲ, ಆದರೆ ಕೈ ಇಟ್ಟಿದ್ದೆ, ಅವನ ತಪ್ಪಲ್ಲ, ನನ್ನದು’ ಎಂಬ ಸಾಲಿಗೆ ಬಂದಾಗ ನನ್ನ ಬೆರಳು ಮೂರು ಸಲ ತಪ್ಪು ಅಕ್ಷರ ಒತ್ತಿತು. ಮೂರು ಸಲವೂ ಹಾಳೆ ಬದಲಾಯಿಸಿದೆ. ಆ ಒಂದು ಸಾಲಿನಲ್ಲಿ ಗೀಚು ಇರಬಾರದು ಎಂದು ಮಾಮ ಹೇಳಿದ್ದರು.

ಉತ್ತರ ಬಂದದ್ದು ಐದು ತಿಂಗಳಿಗೆ. ಖಾಕಿ ಲಕೋಟೆ. ಅಷ್ಟರಲ್ಲಿ ಮಾಮನ ತಲೆ ಪೂರಾ ಬೆಳ್ಳಗಾಗಿತ್ತು. ಹಾಸಿಗೆಯ ತೋಪನ್ನು ನಾವು ಮತ್ತೆ ಕಟ್ಟಲಿಲ್ಲ, ನಾನೂ ಕೇಳಲಿಲ್ಲ. ಡ್ಯೂಟಿಯಿಂದ ಬಂದವರು ಖಾಕಿ ಕೋಟು ಬಿಚ್ಚದೆ ಗ್ಯಾಲರಿಯಲ್ಲಿ ಕೂತು, ಓದು ಎಂದರು. ನಾಲ್ಕೇ ಸಾಲು. ನಾನು ಒಂದೊಂದೇ ಮಾತು ಕನ್ನಡ ಮಾಡಿ ಹೇಳಿದೆ. ನಿಮ್ಮ ಪತ್ರ ತಲುಪಿತು. ನೀವು ಹೇಳಿದ ಬ್ಯಾಟರಿ, ಅಂದರೆ ತೋಪಿನ ತುಕಡಿ, ಈಗ ಇಲ್ಲ. ಸಂಬಂಧಪಟ್ಟ ಸಿಪಾಯಿ ತೀರಿಕೊಂಡಿರುವುದರಿಂದ ಈ ವಿಷಯದಲ್ಲಿ ಮುಂದೆ ಮಾಡಬೇಕಾದ್ದು ಏನೂ ಇಲ್ಲ. ನಿಮ್ಮ ಪತ್ರವನ್ನು ಕಡತದಲ್ಲಿ ಇಡಲಾಗಿದೆ.

ಮಾಮ ಬಲಗಡೆಗೆ ವಾಲಿ ಪೂರಾ ಕೇಳಿಸಿಕೊಂಡರು.

“ಅಂದ್ರ, ಕೈ ಇತ್ತು ಅಂತ ನಾ ಹೇಳಿದ್ದನ್ನ ಅವರು ನಂಬಿದ್ರೋ ಇಲ್ಲೋ ರಮಕ್ಕಾ?”

ನಾನು ಆ ನಾಲ್ಕು ಸಾಲನ್ನು ಮತ್ತೊಮ್ಮೆ ಓದಿದೆ. ಹಾಳೆಯ ಹಿಂದೆಯೂ ತಿರುಗಿಸಿ ನೋಡಿದೆ.

“ಅದನ್ನ ಬರೆದಿಲ್ಲ ಮಾಮ,” ಎಂದೆ.